ಒಂದು ಲಾಟಿಗೆ ಒಂದೇ ನಂಬರು

ನಮ್ಮ ಸೀಮೆಯ ರೇಷ್ಮೆ ಕಸುಬಿನಲ್ಲಿ ಹೆಸರು ಮಾಡಿದವರು ಅನೇಕರಿದ್ದಾರೆ. ಹಿಪ್ಪುನೇರಳೆಯ ಹೊಸ ತಳಿಯನ್ನು ಹೊಲಕ್ಕೆ ತಂದವರು, ಗೂಡಿನ ಇಳುವರಿಯನ್ನು ಹೆಚ್ಚಿಸಿದವರು, ಕೊಳ್ಳೇಗಾಲದ ಮಗ್ಗಗಳಿಗೆ ದೂರದ ಪೇಟೆಯ ದಾರಿಯನ್ನು ತೋರಿಸಿದವರು. ಅವರ ಕೆಲಸ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮೂರುಕೂಡು ರೇಷ್ಮೆ ಬೆಳೆಗಾರರ ಸಹಕಾರ ಸಂಘದ ಕಾರ್ಯದರ್ಶಿಗಳಾಗಿ ಈ ವರ್ಷದ ಮೇ ತಿಂಗಳಲ್ಲಿ ನಿವೃತ್ತರಾದ ಮಾನ್ಯ ಶ್ರೀ ಶಿವರುದ್ರಸ್ವಾಮಿಯವರ ಕೆಲಸವನ್ನು ಹಾಗೆ ಬೆರಳಿಟ್ಟು ತೋರಿಸುವುದು ಕಷ್ಟ. ಒಂದು ಸಂಸ್ಥೆಯ ಯಾವ ಕೆಲಸ ಯಾವುದಕ್ಕೆ ಆತುಕೊಂಡು ನಿಂತಿದೆ, ಯಾವ ಮಾತು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗಿ ಮುಟ್ಟಬೇಕು, ಯಾವ ಸಲಕರಣೆ ಯಾರ ಉಪಯೋಗಕ್ಕೆ ಎಂಬುದನ್ನು ಒಂದೇ ಹಾಳೆಯ ಮೇಲೆ ಕಾಣುವಂತೆ ಮಾಡಿ, ಆ ಹಾಳೆಯಂತೆ ಸಂಸ್ಥೆಯನ್ನು ನಡೆಸುವುದು ಅವರು ಆರಿಸಿಕೊಂಡ ಕೆಲಸ. 2002ರಲ್ಲಿ ಬೆಂಗಳೂರಿನಿಂದ ಬಂದ ಸಲಹೆಗಾರರೊಬ್ಬರು ಆ ಹಾಳೆ ಅಂಟಿಸಿದ ನಮ್ಮ ಗೋಡೆಯ ಮುಂದೆ ಅರ್ಧ ಗಂಟೆ ನಿಂತು, ಇದಕ್ಕೆ ದೊಡ್ಡ ಕಂಪನಿಗಳಲ್ಲಿ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎನ್ನುತ್ತಾರೆಂದು ತಿಳಿಸಿದರು. ನಾವು ಅದನ್ನು ಹದಿಮೂರು ವರ್ಷಗಳಿಂದ 'ಸ್ವಾಮಿಯವರ ನಕ್ಷೆ' ಎಂದು ಕರೆಯುತ್ತಿದ್ದೆವು.

ಆ ನಕ್ಷೆ ಹುಟ್ಟಿದ್ದು ಓದಿನಿಂದಲ್ಲ, ಒಂದು ಅನಾಹುತದಿಂದ. ಆ ಅನಾಹುತದ ಚೀಟಿಯ ಮೇಲೆ ಇದ್ದದ್ದು ನನ್ನ ಸಹಿ. ಹದಿನೈದು ವರ್ಷ ಕಳೆದರೂ ಅದನ್ನು ಬರೆಯುವಾಗ ಕೈ ನಿಲ್ಲುತ್ತದೆ. ಈ ಅಭಿನಂದನ ಸಂಚಿಕೆಯ ಸಂಪಾದಕರು ನನ್ನಿಂದ ಲೇಖನ ಕೇಳಿದಾಗ ಬೇರೆ ಯಾವುದನ್ನಾದರೂ ಬರೆಯಬಹುದಿತ್ತು. ಆದರೆ ಇದನ್ನು ಬಿಟ್ಟು ಅವರ ವಿಷಯದಲ್ಲಿ ಬೇರೆ ಏನು ಬರೆದರೂ ಅದು ಅರ್ಧ ಸತ್ಯವಾಗುತ್ತದೆ.

ನಾನು ಬಿ.ಎಸ್ಸಿ. ಮುಗಿಸಿ 1985ರಲ್ಲಿ ಸಂಘದ ಹನೂರು ಶಾಖೆಗೆ ಗುಮಾಸ್ತೆಯಾಗಿ ಸೇರಿದೆ. ತಂದೆ ತೀರಿಕೊಂಡಿದ್ದರು. ಅಮ್ಮ, ತಂಗಿ, ನಾನು ಮೂವರ ಮನೆ ಆ ಕೆಲಸದ ಮೇಲೆ ನಡೆಯುತ್ತಿತ್ತು. ಸಂಘದ ಏರ್ಪಾಡು ಹೀಗಿತ್ತು: ಕೊಳ್ಳೇಗಾಲದ ಮುಖ್ಯ ಕಚೇರಿಯಲ್ಲಿ ಚಿಟ್ಟೆಗಳಿಂದ ಮೊಟ್ಟೆ ಇಡಿಸುವುದು, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಗಂಟುರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಡುವುದು. ಒಂದು ದಿನ ಒಂದು ರಾಶಿ ಗೂಡಿನಿಂದ ಬಂದ ಮೊಟ್ಟೆಗಳ ಗುಂಪಿಗೆ ಒಂದು ಲಾಟು ಎಂದು ಹೆಸರು. ಹನೂರು ಮತ್ತು ಯಳಂದೂರು ಶಾಖೆಗಳು ಆ ಮೊಟ್ಟೆಯನ್ನು ಸುತ್ತಲಿನ ಹಳ್ಳಿಗಳ ಬೆಳೆಗಾರರಿಗೆ ಹಂಚುತ್ತಿದ್ದವು. ಗಂಟುರೋಗಕ್ಕೆ ಮದ್ದಿಲ್ಲ. ತಾಯಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಇಡೀ ಮನೆಗೆ ಅದು ಹರಡುತ್ತದೆ. ಆದ್ದರಿಂದ ಸುಡಬೇಕಾದ್ದನ್ನು ಸುಡುವುದೇ ಸಂಘದ ಪ್ರಾಣ.

ಶ್ರೀ ಶಿವರುದ್ರಸ್ವಾಮಿಯವರು ಆಗ ಮುಖ್ಯ ಕಚೇರಿಯಲ್ಲಿ ಅಂಕಿಅಂಶ ಸಹಾಯಕರು. ತಿಂಗಳಿಗೊಮ್ಮೆ ಶಾಖೆಗೆ ಬರುತ್ತಿದ್ದರು. ನಾನು ಸೇರಿದ ಮೊದಲ ತಿಂಗಳು ಅವರು ನನ್ನ ಮುಂದಿದ್ದ ಏಳು ದಾಖಲೆ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ, ಇದನ್ನು ಯಾರು ಓದುತ್ತಾರೆ ಎಂದು ಕೇಳಿದ್ದರು. ಎರಡು ಪುಸ್ತಕಗಳ ವಿಷಯದಲ್ಲಿ ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಅದಕ್ಕೆ ಗದರಲಿಲ್ಲ. ತಮಗೂ ಗೊತ್ತಿಲ್ಲವೆಂದು ಹೇಳಿ, ಹೊರಡುವ ಮುಂಚೆ ನನ್ನ ಕುರ್ಚಿ ಕಿಟಕಿಯ ಬೆಳಕಿಗೆ ಬರುವಂತೆ ಮೇಜನ್ನು ತಾವೇ ತಿರುಗಿಸಿಕೊಟ್ಟು ಹೋದರು.

1989ರ ಆಗಸ್ಟ್. ಮುಖ್ಯ ಕಚೇರಿಯ ಮೊಟ್ಟೆ ಕೋಣೆ ಚಿಕ್ಕದು. ಹಾಗಾಗಿ ಪರೀಕ್ಷೆ ಮುಗಿಯುವ ಮುಂಚೆಯೇ ಮೊಟ್ಟೆ ಅಂಟಿದ ಹಾಳೆಗಳನ್ನು ಶಾಖೆಗಳಿಗೆ ಕಳಿಸಿಬಿಡುವುದು, ರೋಗ ಕಂಡರೆ ಸುಡುವ ಚೀಟಿಯನ್ನು ಬಸ್ಸಿನಲ್ಲಿ ಕಳಿಸುವುದು ರೂಢಿಯಾಗಿತ್ತು. ಏಳು ದಿನದೊಳಗೆ ಚೀಟಿ ಬಾರದಿದ್ದರೆ ಮೊಟ್ಟೆ ಒಳ್ಳೆಯದೆಂದು ಅರ್ಥ. ಹತ್ತನೆಯ ತಾರೀಖು ಕಂಡಕ್ಟರು ತಂದುಕೊಟ್ಟ ಚೀಟಿಯಲ್ಲಿ ಹೀಗಿತ್ತು: ಲಾಟು 112, ಮೊಟ್ಟೆಯಿಟ್ಟ ದಿನ ಆಗಸ್ಟ್ 4, ಸುಡುವುದು. ನಮ್ಮ ಪುಸ್ತಕದಲ್ಲಿ 112 ಇತ್ತು. ಆದರೆ ಅದರ ಮುಂದೆ ಮೊಟ್ಟೆಯಿಟ್ಟ ದಿನ ಆಗಸ್ಟ್ 9 ಎಂದಿತ್ತು.

ನಾನು ಅದನ್ನು ನೋಡಿದೆ. ನೋಡಲಿಲ್ಲವೆಂದು ಹೇಳಲಾರೆ, ಒಂದು ಅಂಕಿ ಓರೆಯಾದರೂ ನನ್ನ ಕಣ್ಣು ಅಲ್ಲಿ ನಿಲ್ಲುತ್ತದೆ. ಕೊಳ್ಳೇಗಾಲಕ್ಕೆ ಫೋನು ಮಾಡಬೇಕಾದರೆ ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಬರೆಸಿ ಕಾಯಬೇಕಿತ್ತು. ಹಿಂದಿನ ತಿಂಗಳು ಹಾಗೆ ಕಾದು ಬೇರೊಂದು ಅನುಮಾನ ಕೇಳಿದ್ದಕ್ಕೆ, ಬರೆದದ್ದನ್ನು ಓದಲಿಕ್ಕೆ ಬರುವುದಿಲ್ಲವೇ ಎಂದು ಮೊಟ್ಟೆ ಕೋಣೆಯ ಅಧಿಕಾರಿಗಳು ನಾಲ್ಕು ಜನ ಕೇಳುವಂತೆ ಬೈದಿದ್ದರು. ಚೀಟಿ ಬರೆದವರ ಕೈ ತಪ್ಪಿ 9 ಹೋಗಿ 4 ಆಗಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಹಿತ್ತಲಿನ ಗುಂಡಿಯಲ್ಲಿ ನಮ್ಮ 112ನ್ನು ಸುಡಿಸಿ, ಸುಟ್ಟಿದೆ ಎಂದು ಸಹಿ ಹಾಕಿದೆ. ಸುಟ್ಟದ್ದು ಒಳ್ಳೆಯ ಮೊಟ್ಟೆ. ಕೊಳ್ಳೇಗಾಲದವರ 112 ನಮ್ಮ ಪುಸ್ತಕದಲ್ಲಿ 104 ಆಗಿತ್ತು. ಅದು ಹನ್ನೆರಡನೆಯ ತಾರೀಖು ಶನಿವಾರ ರಾಮಾಪುರ ಮತ್ತು ಶಾಗ್ಯದ ನಲವತ್ತಮೂರು ಮನೆಗಳಿಗೆ ಹೋಯಿತು.

ಎರಡನೆಯ ಜ್ವರಕ್ಕೆ ಹುಳುಗಳು ಏಳಲಿಲ್ಲ. ಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಎದ್ದ ಕೆಲವು ಒಂದು ದಪ್ಪ, ಒಂದು ಸಣ್ಣ. ಮೈಮೇಲೆ ಕರಿಯ ಚುಕ್ಕಿ. ಆಗಸ್ಟ್ ಇಪ್ಪತ್ತನಾಲ್ಕರ ಬೆಳಿಗ್ಗೆ ರಾಮಾಪುರದ ರಾಚಮ್ಮನವರು ಒಂದು ಬಿದಿರಿನ ತಟ್ಟೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಜೊತೆಗೆ ಶಾಗ್ಯದ ಚೆನ್ನಯ್ಯನವರಿದ್ದರು.

"ನೋಡವ್ವಾ. ಇದು ಉಳನಾ, ಮೆಣಸಿನ ಪುಡಿ ಉದುರ್ಸಿದ್ದಾ ನೀನೇ ಏಳು," ಎಂದರು ರಾಚಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಚೆನ್ನಯ್ಯನವರು ಬಾಗಿಲಲ್ಲೇ ನಿಂತು, "ನಮ್ಮೂರಲ್ಲಿ ಶನಿವಾರದ ಮೊಟ್ಟೆ ತಕಂಡೋರ್ದೆಲ್ಲ ಇಂಗೇ ಕಣವ್ವ. ಬುಧವಾರ ತಕಂಡೋರ್ದು ಬಂಗಾರದಂಗದೆ," ಎಂದರು.

ತಟ್ಟೆಯಲ್ಲಿ ಅರ್ಧ ಹುಳು ಸತ್ತಿದ್ದವು. ಮಿಕ್ಕವು ತಲೆ ಎತ್ತಿ ಹಾಗೆಯೇ ನಿಂತಿದ್ದವು. ನಾನು ಪುಸ್ತಕ ತೆಗೆದು ಶನಿವಾರದ ಪುಟ ನೋಡಿದೆ. 104ರ ಮುಂದೆ ನನ್ನದೇ ಅಕ್ಷರದಲ್ಲಿ ಮೊಟ್ಟೆಯಿಟ್ಟ ದಿನ ಆಗಸ್ಟ್ 4 ಎಂದಿತ್ತು. ರಾಚಮ್ಮನವರು ಎರಡು ಸಲ ನೀರು ಕೇಳಿದರಂತೆ, ನನಗೆ ಕೇಳಿಸಲಿಲ್ಲ.

ನಲವತ್ತಮೂರು ಮನೆಗಳ ಹುಳು, ಸೊಪ್ಪು, ಕಸ ಎಲ್ಲವನ್ನೂ ಸುಡಬೇಕಾಯಿತು. ಮನೆಗಳನ್ನು ಫಾರ್ಮಲಿನ್ ಹಾಕಿ ತೊಳೆದು ಬಾಗಿಲು ಮುಚ್ಚಬೇಕಾಯಿತು. ಮುಂದಿನ ಬೆಳೆಯೂ ಕೈತಪ್ಪಿತು. ಸಂಘದ ಮೊಟ್ಟೆ ಎಂದರೆ ಜನ ಮುಖ ತಿರುಗಿಸತೊಡಗಿದರು. ಸುಟ್ಟಿದೆ ಎಂಬ ಚೀಟಿಯ ಮೇಲಿನ ಸಹಿ ಯಾರದು ಎಂಬುದು ಎರಡು ದಿನದಲ್ಲಿ ಹನೂರಿನಿಂದ ಕಾಮಗೆರೆಯವರೆಗೆ ಎಲ್ಲರಿಗೂ ಗೊತ್ತಾಯಿತು. ನನ್ನ ಕೆಲಸ ಹೋಗುವುದು ಖಚಿತವೆಂದು ಶಾಖೆಯ ಜವಾನರೂ ಮಾತನಾಡಿಕೊಳ್ಳುತ್ತಿದ್ದರು. ಅಮ್ಮನಿಗೆ ಹೇಳುವ ಧೈರ್ಯ ನನಗಿರಲಿಲ್ಲ.

ವಿಚಾರಣೆಗೆ ವಿವರ ಸಿದ್ಧಪಡಿಸಲು ಸಂಘದ ಆಡಳಿತ ಮಂಡಳಿಯವರು ಶ್ರೀ ಶಿವರುದ್ರಸ್ವಾಮಿಯವರನ್ನು ಕಳಿಸಿದರು. ತಪ್ಪು ಯಾರದು ಎಂದು ಅವರು ಕೇಳಲಿಲ್ಲ. ಆ ಒಂದು ಲಾಟು ಚಿಟ್ಟೆಯಿಂದ ರಾಚಮ್ಮನವರ ತಟ್ಟೆಯವರೆಗೆ ನಡೆದ ದಾರಿಯನ್ನು ತಾವೂ ನಡೆಯಬೇಕೆಂದರು. ನಾಲ್ಕು ದಿನ ಅವರು ಮೂರೂ ಕಚೇರಿಗಳಲ್ಲಿ, ಎರಡೂ ಊರುಗಳಲ್ಲಿ ಪುಸ್ತಕ ಹಿಡಿದು ತಿರುಗಿದರು. ಅಂಗಡಿಯಿಂದ ತಂದ ಕಂದು ಬಣ್ಣದ ಹೊದಿಕೆ ಕಾಗದವನ್ನು ಗೋಡೆಗೆ ಅಂಟಿಸಿ ಚೌಕಗಳನ್ನೂ ಗೆರೆಗಳನ್ನೂ ಬರೆಯುತ್ತ ಹೋದರು. ಎಲ್ಲಕ್ಕೂ ಮೇಲೆ ಒಂದು ಸಾಲು: ಈ ಸಂಘ ಇರುವುದು ಯಾಕೆ. ಅದರ ಕೆಳಗೆ, ಅದಕ್ಕಾಗಿ ನಡೆಯುವ ಕೆಲಸಗಳು. ಅದರ ಕೆಳಗೆ, ಆ ಕೆಲಸ ಮಾಡುವವರಿಗೆ ಗೊತ್ತಿರಬೇಕಾದ ಸಂಗತಿಗಳು. ತಳದಲ್ಲಿ ಪುಸ್ತಕ, ಸೂಕ್ಷ್ಮದರ್ಶಕ, ಬಸ್ಸು, ಫೋನು. ನಾವು ಯಾವಾಗಲೂ ತಳದಿಂದ ಯೋಚಿಸುತ್ತೇವೆ, ಪುಸ್ತಕ ಇದೆ ಎಂದು ಬರೆಯುತ್ತೇವೆ, ಅದಕ್ಕೇ ಹೀಗಾಗುತ್ತದೆ ಎಂಬುದು ಅವರ ಅಂದಿನ ಮಾತಿನ ಸಾರ.

ನಾಲ್ಕನೆಯ ದಿನ ಗೋಡೆಯನ್ನು ನೋಡಿ ನಾನು ಬೆಚ್ಚಿದೆ. ಒಂದೇ ಲಾಟಿಗೆ ಆರು ಹೆಸರಿದ್ದವು. ಚಿಟ್ಟೆ ಕೋಣೆಯಲ್ಲಿ ಒಂದು ನಂಬರು, ಪರೀಕ್ಷೆಯವರಲ್ಲಿ ಇನ್ನೊಂದು, ರವಾನೆಯಲ್ಲಿ ಮತ್ತೊಂದು, ಶಾಖೆಯಲ್ಲಿ ನಮ್ಮದು, ಹಂಚಿಕೆಯ ಕಾರ್ಡಿನಲ್ಲಿ ಬೇರೆ. ಬೆಳೆಗಾರರಿಗೆ ಅದು ಶನಿವಾರದ ಮೊಟ್ಟೆ. ಒಂದು ಹೆಸರಿನಿಂದ ಇನ್ನೊಂದಕ್ಕೆ ಹೋಗಲು ಯಾವ ಪುಸ್ತಕದಲ್ಲೂ ದಾರಿಯಿರಲಿಲ್ಲ. ಇಷ್ಟು ವರ್ಷ ಅನಾಹುತವಾಗದೇ ಇದ್ದದ್ದೇ ಆಶ್ಚರ್ಯ.

ಸೆಪ್ಟೆಂಬರಿನಲ್ಲಿ ಕೊಳ್ಳೇಗಾಲದಲ್ಲಿ ಮಂಡಳಿಯ ಸಭೆ ಸೇರಿತು. ಅಧ್ಯಕ್ಷರಾದ ಶ್ರೀ ಶಿವಮಲ್ಲಪ್ಪನವರು ಒಳ್ಳೆಯವರು, ಆದರೆ ಅವರ ಮನೆಯ ಮುಂದೆ ಬೆಳೆಗಾರರು ದಿನವೂ ಬಂದು ಕೂರುತ್ತಿದ್ದರು. ಅವರಿಗೆ ಹೇಳಲು ಅಧ್ಯಕ್ಷರಿಗೆ ಒಂದು ಹೆಸರು ಬೇಕಾಗಿತ್ತು. ಬಾಗಿಲ ಬಳಿ ನಿಂತಿದ್ದ ನನ್ನ ಕಡೆ ತಿರುಗಿ, "ಒಂದ್ ನಂಬರ್ ನೋಡಿ ಸುಡಕ್ಕೆ ಬರ್ದೇ ಇದ್ರೆ ಡಿಗ್ರಿ ಯಾಕಮ್ಮ ಓದ್ದೆ?" ಎಂದರು. ವಜಾ ಮಾಡುವ ನಿರ್ಣಯದ ಕರಡು ಮೇಜಿನ ಮೇಲೆ ಬೆರಳಚ್ಚಾಗಿ ಬಂದಿತ್ತು. ಓದುವುದಷ್ಟೇ ಬಾಕಿ.

ಆಗ ಶಿವರುದ್ರಸ್ವಾಮಿಯವರು ಎದ್ದು ಕಂದು ಕಾಗದವನ್ನು ಬಿಚ್ಚಿ ಗೋಡೆಗೆ ಹಿಡಿಸಿದರು. ಅದರ ಮೇಲಿನ ಮೂಲೆಯಲ್ಲಿ ನಾನು ಹನೂರಿನಲ್ಲಿ ಕಾಣದಿದ್ದ ಹಳೆಯ ಕಾಗದವೊಂದನ್ನು ಗುಂಡುಸೂಜಿಯಿಂದ ಚುಚ್ಚಿದ್ದರು.

"ಸಾ, ಅವರ ಪುಸ್ತಕದಲ್ಲಿ ನೂರಹನ್ನೆರಡು ಅಂದ್ರೆ ಬೇರೆ ಲಾಟು. ಅಂಗಾಗಕ್ಕೆ ಕಾರಣ ಈ ಸುತ್ತೋಲೆ. ಎಂಬತ್ಮೂರನೇ ಇಸವೀದು. ಬಂದ ಲಾಟಿಗೆ ಶಾಖೆಯವರು ತಮ್ಮದೇ ಕ್ರಮಸಂಖ್ಯೆ ಕೊಡ್ಬೇಕು ಅಂತ ಇದೆ. ಇದ ಬರ್ದೋನು ನಾನು."

ಶಾಖೆಯ ಪುಸ್ತಕಗಳಲ್ಲಿ ನಂಬರುಗಳ ನಡುವೆ ಕೆಲವು ಬಿಟ್ಟುಹೋಗಿವೆಯೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದಕ್ಕೆ, ಸಾಲು ಸರಿಯಾಗಿ ಕಾಣಲೆಂದು ಸ್ವಾಮಿಯವರು ಅದನ್ನು ಬರೆದಿದ್ದರು. ಆಗ ಸಹಿ ಮಾಡಿದ್ದ ಹಳೆಯ ಕಾರ್ಯದರ್ಶಿಗಳು ತೀರಿಕೊಂಡಿದ್ದರು. ಕಾಗದದಲ್ಲಿ ಬರೆದವರ ಹೆಸರಿರಲಿಲ್ಲ.

ಶಿವಮಲ್ಲಪ್ಪನವರು ಕನ್ನಡಕ ತೆಗೆದರು. "ಅದ್ನ ಈಗ ಯಾಕ್ರೀ ತೆಗುದ್ರಿ? ಯಾರೂ ಕೇಳಿರ್ಲಿಲ್ವಲ್ಲ."

"ನಕ್ಷೆ ಬರೀತಾ ಬಂದೆ ಸಾ. ಗೆರೆ ಅಲ್ಲಿಗೇ ಓಯ್ತು."

ಒಬ್ಬ ಮನುಷ್ಯ ಯಾರೂ ಹುಡುಕದ ತನ್ನ ತಪ್ಪನ್ನು ತಾನೇ ಹುಡುಕಿ, ತಾನೇ ತಂದು, ತಾನೇ ಗೋಡೆಗೆ ಚುಚ್ಚುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನ್ನ ಮೇಲಿನ ಕರಡು ಹಾಗೆಯೇ ಕಡತಕ್ಕೆ ಹೋಯಿತು. ಅವರ ಸೇವಾ ಪುಸ್ತಕದಲ್ಲಿ ಛೀಮಾರಿ ಬರೆದು, ಬರಬೇಕಿದ್ದ ಬಡ್ತಿಯನ್ನು ತಡೆದು, ಹನೂರು ಶಾಖೆಗೆ ವರ್ಗ ಮಾಡಿದರು.

ಅವರು ಶಾಖೆಗೆ ಬಂದ ಮೂರನೆಯ ದಿನ ನಾನು ತಡೆಯಲಾರದೆ ತಾರೀಖಿನ ವಿಷಯ ಹೇಳಿದೆ. ಚೀಟಿಯಲ್ಲಿ 4 ಇದ್ದದ್ದು, ಪುಸ್ತಕದಲ್ಲಿ 9 ಇದ್ದದ್ದು, ಎರಡನ್ನೂ ನಾನು ನೋಡಿದ್ದು. ಅವರು ನಕ್ಷೆಯ ಕಡೆ ತಿರುಗಿದರು.

"ಯಾಕ್ ಕೇಳ್ಲಿಲ್ಲ ಲಕ್ಷ್ಮಿದೇವಮ್ಮ?"

"ಬಯ್ತಾರೆ ಅಂತ ಸಾರ್."

"ಮೊದ್ಲು ಬಯ್ದಿದ್ರಾ?"

"ಬಯ್ದಿದ್ರು."

ಅವರು ಪೆನ್ಸಿಲ್ ತೆಗೆದುಕೊಂಡು ಶಾಖೆ ಮತ್ತು ಮೊಟ್ಟೆ ಕೋಣೆಯ ಚೌಕಗಳ ನಡುವೆ 'ಇಲ್ಲಿ ಕೇಳುವ ದಾರಿ ಇಲ್ಲ' ಎಂದು ಬರೆದರು. ಆಮೇಲೆ, "ಇದ ಮಂಡಳಿಗೆ ಏಳೋದು ಬಿಡೋದು ನಿಮಗೆ ಸೇರಿದ್ದು. ನಾನಾಗಿ ಏಳಲ್ಲ," ಎಂದರು. ಬೈಯುತ್ತಾರೆ, ಇಲ್ಲವೆ ಹೋಗಲಿ ಬಿಡಿ ಎನ್ನುತ್ತಾರೆ ಎಂದು ಕಾದಿದ್ದ ನನಗೆ ಅವರು ಎರಡನ್ನೂ ಕೊಡಲಿಲ್ಲ. ನಾನು ಮಂಡಳಿಗೆ ಹೇಳಲಿಲ್ಲ. ಕೆಲಸ ಉಳಿಯಿತು. ಅವರ ಸೇವಾ ಪುಸ್ತಕದಲ್ಲಿ ಛೀಮಾರಿ, ನನ್ನ ಸೇವಾ ಪುಸ್ತಕದ ಆ ಪುಟ ಖಾಲಿ. ಮುಂದಿನ ಎಲ್ಲ ವರ್ಷಗಳಲ್ಲೂ ಅವರು ಬೆಳಿಗ್ಗೆ ನಮಸ್ಕಾರ ಹೇಳಿದಾಗಲೆಲ್ಲ ನನಗೆ ಅದು ನೆನಪಾಗುತ್ತಿತ್ತು.

ಹನೂರಿನ ಆ ಶಿಕ್ಷೆಯ ವರ್ಷಗಳಲ್ಲಿ ಅವರು ಮಾಡಿದ್ದು ಇಂದು ಸಂಘವನ್ನು ಹಿಡಿದು ನಿಲ್ಲಿಸಿದೆ. ಮೊದಲು ಅವರು ಎರಡು ಹಾಳೆ ಬರೆದರು. ಒಂದು ಈಗ ಇರುವುದು, ಇನ್ನೊಂದು ಇರಬೇಕಾದ್ದು. ಎರಡರ ನಡುವೆ ಮೂರನೆಯ ಹಾಳೆ, ಯಾವ ತಿಂಗಳು ಯಾವುದನ್ನು ಬದಲಾಯಿಸುವುದೆಂದು. ಎಲ್ಲವನ್ನೂ ಒಂದೇ ದಿನ ಬದಲಾಯಿಸಹೊರಟರೆ ಹುಳು ಕಾಯುವುದಿಲ್ಲ ಎನ್ನುತ್ತಿದ್ದರು. ಲಾಟಿಗೆ ನಂಬರು ಕೊಡುವ ಹಕ್ಕು ಚಿಟ್ಟೆ ಕೋಣೆಗೆ ಮಾತ್ರ. ಮಿಕ್ಕವರು ಅದನ್ನು ಹೊತ್ತು ನಡೆಯಬಹುದೇ ಹೊರತು ತಮ್ಮದನ್ನು ಹುಟ್ಟಿಸುವಂತಿಲ್ಲ. ಒಂದು ಸಂಗತಿಯನ್ನು ಅದು ಯಾರ ಕಣ್ಣಮುಂದೆ ನಡೆಯಿತೋ ಅವರೇ ಬರೆಯಬೇಕು, ಒಂದು ಸಲ ಬರೆಯಬೇಕು, ಬೇಕಾದವರೆಲ್ಲ ಅದನ್ನೇ ಓದಬೇಕು. ಮೌನವೆಂದರೆ ಒಪ್ಪಿಗೆಯಲ್ಲ, ಒಳ್ಳೆಯ ಲಾಟಿಗೂ ಚೀಟಿ ಬಂದ ಮೇಲೆಯೇ ಹಂಚಿಕೆ. ಪ್ರತಿ ನಿಯಮದ ಕೆಳಗೆ ಅದು ಯಾಕೆ ಎಂದೂ, ಅದರಿಂದ ನಮಗಾಗುವ ತೊಂದರೆ ಏನೆಂದೂ ಬರೆಯಬೇಕೆಂಬುದು ಅವರ ಹಠ. ತೊಂದರೆಯನ್ನು ಮುಚ್ಚಿಟ್ಟ ನಿಯಮವನ್ನು ಜನ ಮೊದಲ ತೊಂದರೆಗೇ ಬಿಟ್ಟುಬಿಡುತ್ತಾರೆಂದು ಅವರ ಅನುಭವ.

ಮಾತಿನ ಗೊಂದಲವೂ ಇತ್ತು. ಚಾಕಿ ಎಂದರೆ ಹುಳುವಿನ ಎಳವೆ ಎಂದು ಎಲ್ಲರೂ ಬಲ್ಲರು. ಆದರೆ ಯಳಂದೂರಿನಲ್ಲಿ ಅದು ಎರಡನೆಯ ಜ್ವರದವರೆಗೆ, ಹನೂರಿನಲ್ಲಿ ಮೂರನೆಯದರವರೆಗೆ. ಕೊಳ್ಳೇಗಾಲದವರು ಚಾಕಿಯಲ್ಲಿ ಎಷ್ಟು ಸತ್ತವು ಎಂದು ಕೇಳಿದರೆ ಎರಡು ಶಾಖೆಗಳು ಎರಡು ಬೇರೆ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದವು. ಅವರು ಮೂರು ಕಚೇರಿಯವರನ್ನೂ ಕೂರಿಸಿ ಒಂದು ಪದಪಟ್ಟಿ ಮಾಡಿಸಿದರು. ಯಳಂದೂರಿನ ಗುಮಾಸ್ತರಾದ ಶಿವನಂಜಯ್ಯನವರು ನಗೆಗಾರರು. "ಇನ್ಮೇಲೆ ಮನೇಲಿ ಎಂಡ್ತಿ ಊಟಕ್ಕೆ ಕರ್ದ್ರೂ ಊಟ ಅಂದ್ರೆ ಏನು ಅಂತ ಪಟ್ಟಿ ನೋಡ್ಕಂಡು ಓಗ್ಬೇಕೇನೋ ಸಾ," ಎಂದಿದ್ದರು. ಅವರ ಶಾಖೆಗೆ ಸ್ಥಳೀಯ ತಳಿಯ ವಿಷಯದಲ್ಲಿ ಹೊಸ ನಿಯಮ ಆಗ ಹೊಂದುತ್ತಿರಲಿಲ್ಲ. ಸ್ವಾಮಿಯವರು ಬಲವಂತ ಮಾಡದೆ ಆರು ತಿಂಗಳ ವಿನಾಯಿತಿಯನ್ನು ಕಾರಣ ಮತ್ತು ಕೊನೆಯ ದಿನದ ಸಮೇತ ಬರೆದುಕೊಟ್ಟರು. ಬಾಯಿಮಾತಿನ ವಿನಾಯಿತಿ ಇನ್ನೊಂದು ನಿಯಮವಾಗಿ ಬೆಳೆದುಬಿಡುತ್ತದೆ ಎಂಬ ಭಯ ಅವರಿಗಿತ್ತು.

ಅವರಿಗೂ ಕಾಣದ್ದು ಇತ್ತು. ನಕ್ಷೆಯನ್ನು ಬೆಳೆಗಾರರಿಗೆ ತೋರಿಸಲೆಂದು ರಾಮಾಪುರಕ್ಕೆ ಒಯ್ದಾಗ ರಾಚಮ್ಮನವರು ಅದರ ಮುಂದೆ ನಿಂತು ಕೇಳಿದರು: "ಇದ್ರಲ್ಲಿ ನನ್ ಮನೆ ಎಲ್ಲದೆ ಸಾಮಿ?" ಅವರ ಮನೆ ಅದರಲ್ಲಿರಲಿಲ್ಲ. ಗೆರೆಗಳೆಲ್ಲ ಶಾಖೆಯ ಬಾಗಿಲಿಗೆ ಬಂದು ನಿಂತಿದ್ದವು. ಸ್ವಾಮಿಯವರ ಮುಖ ಸಪ್ಪಗಾದದ್ದನ್ನು ನಾನು ನೋಡಿದೆ. ಅದೇ ವಾರ ಅವರು ನಕ್ಷೆಯನ್ನು ಮತ್ತೆ ಬರೆದು, ಬೆಳೆಗಾರರಿಗಾಗಿ ಚಿತ್ರಗಳಿರುವ ಬೇರೆ ಹಾಳೆಯನ್ನೇ ಮಾಡಿದರು. ಸಂಸ್ಥೆ ಒಂದೇ ಆದರೂ ನೋಡುವವರು ನಿಂತ ಜಾಗದಿಂದ ಅದು ಬೇರೆ ಕಾಣುತ್ತದೆ, ಒಂದೇ ಚಿತ್ರ ಎಲ್ಲರಿಗೂ ಸಾಲದು ಎಂಬುದನ್ನು ತಮಗೆ ಕಲಿಸಿದವರು ರಾಚಮ್ಮನವರೇ ಎಂದು ಅವರು ಮಂಡಳಿಗೆ ಬರೆದ ವರದಿಯಲ್ಲಿದೆ.

ಎಲ್ಲಕ್ಕಿಂತ ಹೊಸದಾದುದು ತಡೆಚೀಟಿ. ಜವಾನರಿಂದ ಹಿಡಿದು ಯಾರಿಗೆ ಬೇಕಾದರೂ, ಒಂದು ಅಂಕಿಯೋ ತಾರೀಖೋ ಹೊಂದದಿದ್ದರೆ, ಹಳದಿ ಚೀಟಿ ಬರೆದು ಕೆಲಸ ನಿಲ್ಲಿಸುವ ಹಕ್ಕು. ಉತ್ತರ ಬರವಣಿಗೆಯಲ್ಲಿ ಬರುವವರೆಗೆ ಆ ಲಾಟು ಅಲ್ಲಾಡುವಂತಿಲ್ಲ. ನಿಲ್ಲಿಸಿದವರನ್ನು ಯಾರೂ ಬೈಯುವಂತಿಲ್ಲ. ಹೆಚ್ಚಿನ ಚೀಟಿಗಳು ಸುಮ್ಮನೆ ಬರೆದವಾಗಿರುತ್ತಿದ್ದವು. ಶಿವಮಲ್ಲಪ್ಪನವರು ಇದು ದಂಡವೆಂದು ಗೊಣಗಿದಾಗ, ಸುಮ್ಮನೆ ಬರೆದ ಚೀಟಿಗೂ ಉತ್ತರ ಕೊಟ್ಟರಷ್ಟೇ ನಿಜವಾದ ಚೀಟಿ ಬರುತ್ತದೆ ಎಂದು ಸ್ವಾಮಿಯವರು ವಿವರಿಸಿದ್ದರು.

1995ರಲ್ಲಿ ಅವರು ಮುಖ್ಯ ಕಚೇರಿಗೆ ಮರಳಿದರು, 1999ರಲ್ಲಿ ಕಾರ್ಯದರ್ಶಿಗಳಾದರು. ನನ್ನನ್ನು ತಮ್ಮ ಕೈಕೆಳಗೆ ಕಚೇರಿ ಮೇಲ್ವಿಚಾರಕಿಯನ್ನಾಗಿ ಕರೆಸಿಕೊಂಡರು. ನನ್ನ ತಂಗಿಯ ಮದುವೆಯ ವಾರ ನನ್ನ ಕೆಲಸವನ್ನೆಲ್ಲ ತಾವೇ ಮಾಡಿ, ನಾನು ಬಂದಾಗ ಎಲ್ಲಿಗೆ ನಿಲ್ಲಿಸಿದ್ದಾರೆಂದು ಪೆನ್ಸಿಲ್ ಗುರುತು ಹಾಕಿಟ್ಟಿದ್ದರು. 2001ರಲ್ಲಿ ಗಣಕಯಂತ್ರ ಬಂತು. ಹೊರಗಿನವರು ತಂತ್ರಾಂಶ ಬರೆದುಕೊಟ್ಟರು, ಸ್ವಾಮಿಯವರು ನೋಡಿ ಒಪ್ಪಿದರು. ಉದ್ಘಾಟನೆಯ ಬೆಳಿಗ್ಗೆ ಹಾರ, ದೀಪ, ಅತಿಥಿಗಳು ಎಲ್ಲ ಸಿದ್ಧ. ನಾನು ಪರೀಕ್ಷೆಗೆಂದು ಒಂದು ಲಾಟು ನಮೂದಿಸಿದೆ. ಯಂತ್ರ ಚಿಟ್ಟೆ ಕೋಣೆಯ ನಂಬರನ್ನು ಪಕ್ಕಕ್ಕಿಟ್ಟು ತನ್ನದೇ ಕ್ರಮಸಂಖ್ಯೆ ಕೊಟ್ಟಿತು, ಚೀಟಿಯಲ್ಲೂ ಅದನ್ನೇ ಅಚ್ಚು ಹಾಕಿತು. ಮೂರು ಸಲ ನೋಡಿದೆ. ನನ್ನನ್ನು ಉಳಿಸಿದವರೇ ಸಹಿ ಮಾಡಿ ಒಪ್ಪಿದ ಯಂತ್ರ ಅದು. ಅತಿಥಿಗಳು ಕಾಫಿ ಕುಡಿಯುತ್ತಿರುವಾಗ ನಾನು ಹಳದಿ ಚೀಟಿ ಬರೆದು ಅವರ ಕೈಗೆ ಕೊಟ್ಟೆ.

ಅವರು ನಿಂತಲ್ಲೇ ಓದಿದರು. ಆಮೇಲೆ ವೇದಿಕೆಗೆ ಹೋಗಿ ಹೇಳಿದರು: "ದೀಪ ಹಚ್ಚನ, ಊಟ ಮಾಡನ. ಯಂತ್ರ ಇವತ್ತು ಬ್ಯಾಡ. ನಮ್ಮ ಮೇಲ್ವಿಚಾರಕರು ತಡೆದವ್ರೆ. ನಾನ್ ನೋಡ್ದೆ, ನಂಗೆ ಕಾಣ್ಲಿಲ್ಲ."

ತಂತ್ರಾಂಶ ಸರಿಪಡಿಸಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಪುಸ್ತಕದ ಕೆಲಸ ನಿಲ್ಲಲಿಲ್ಲ. ನಕ್ಷೆಯ ಮೇಲಿನ ಸಾಲುಗಳನ್ನು ಅವರು ಯಾವ ಯಂತ್ರಕ್ಕೂ ಕಟ್ಟಿಹಾಕದೆ ಬರೆದಿದ್ದರಿಂದ, ತಳದಲ್ಲಿ ಪುಸ್ತಕವಿದ್ದರೂ ಗಣಕವಿದ್ದರೂ ಕೆಲಸ ಅದೇ ಆಗಿತ್ತು.

ಈ ವರ್ಷದ ಮಾರ್ಚಿನಲ್ಲಿ ಅವರ ನಿವೃತ್ತಿಯ ಕಾಗದಗಳನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಸೇವಾ ಪುಸ್ತಕದಲ್ಲಿ 1989ರ ಛೀಮಾರಿ ಹಾಗೆಯೇ ಇತ್ತು. ಗೌರವದ ಸಂದರ್ಭವೆಂದು ಮಂಡಳಿಯವರೇ ಅದನ್ನು ಹೊಡೆದುಹಾಕಲು ಒಪ್ಪಿದ್ದರು; ಅವರ ಒಂದು ಅರ್ಜಿ ಸಾಕಿತ್ತು. ನಾನು ಅರ್ಜಿಯನ್ನು ಬೆರಳಚ್ಚು ಮಾಡಿ ಒಯ್ದೆ. ಅವರು ಓದಿ ಮಡಿಸಿ ನನಗೇ ಕೊಟ್ಟರು.

"ಅದ ತೆಗುದ್ರೆ, ನಾಳೆ ಬರೋರಿಗೆ ಈ ನಿಯಮ ಯಾಕೆ ಅಂತ ಯಾರು ಏಳ್ತಾರೆ? ಕಾರಣ ಅಲ್ಲೇ ಇರ್ಲಿ ಬುಡಿ."

ಮನೆಗೆ ಹೋಗಿ ನಾನು ಊಟ ಮಾಡಲಿಲ್ಲ. ಅವರು ಹೇಳಿದ ಕಾರಣದ ಅರ್ಧ ಭಾಗ ಆ ಪುಟದಲ್ಲಿ ಇರಲೇ ಇಲ್ಲ, ಅದು ನನ್ನಲ್ಲಿತ್ತು. ಮರುದಿನ ಮಂಡಳಿಗೆ ನಾನು ಒಂದು ಪತ್ರ ಬರೆದೆ. 10–8–1989ರಂದು ಚೀಟಿಯ ತಾರೀಖಿಗೂ ಪುಸ್ತಕದ ತಾರೀಖಿಗೂ ಹೊಂದಿಕೆಯಿಲ್ಲದ್ದನ್ನು ಕಂಡೂ ಯಾರನ್ನೂ ಕೇಳದೆ ಲಾಟನ್ನು ಸುಡಿಸಿದೆ, ಇದನ್ನು ನನ್ನ ಸೇವಾ ಪುಸ್ತಕದಲ್ಲಿ ನಮೂದಿಸಬೇಕು ಎಂದು. ಸಭೆಯಲ್ಲಿ ಅದನ್ನು ಓದಿದರು. ಈಗ ವೃದ್ಧರಾಗಿರುವ ಶಿವಮಲ್ಲಪ್ಪನವರು, "ಯಾಕವ್ವಾ, ನಿನಗೇನಾಯ್ತು? ಇನ್ನೂ ಸರ್ವೀಸ್ ಅದೆ ನಿಂಗೆ," ಎಂದರು. ಚರ್ಚೆ ಬಹಳ ಹೊತ್ತು ನಡೆಯಿತು. ಶಿಕ್ಷೆ ಬೇಡ, ನಮೂದು ಇರಲಿ ಎಂದು ತೀರ್ಮಾನವಾಯಿತು. ಅದಕ್ಕೆ ಕಾರ್ಯದರ್ಶಿಗಳ ಸಹಿ ಬೇಕು. ಸ್ವಾಮಿಯವರು ಎರಡು ಸಲ ಓದಿ ಸಹಿ ಹಾಕಿ, ಮಸಿ ಒಣಗುವವರೆಗೆ ಪುಸ್ತಕವನ್ನು ತೆರೆದೇ ಹಿಡಿದಿದ್ದರು. ಎದ್ದು ನಿಂತು ನನಗೆ ಕೈಮುಗಿದರು. ನಾನು ಅವರಿಗಿಂತ ಕಿರಿಯಳು.

ಅವರು ನಿವೃತ್ತರಾದ ಮರುದಿನ ಕಚೇರಿ ಎಂದಿನಂತೆ ತೆರೆಯಿತು. ಆ ವಾರ, ಆ ತಿಂಗಳು ಯಾರೂ ಯಾವುದಕ್ಕೂ ಅವರಿಗೆ ಫೋನು ಮಾಡಬೇಕಾಗಲಿಲ್ಲ. ನಕ್ಷೆಯ ಚೌಕಗಳಲ್ಲಿ ಹುದ್ದೆ ಇರಬೇಕು, ಮನುಷ್ಯನ ಹೆಸರು ಇರಬಾರದೆಂದು ಅವರು ಕೊನೆಯ ಎರಡು ವರ್ಷ ತಮ್ಮ ಒಂದೊಂದೇ ಕೆಲಸವನ್ನು ಒಬ್ಬೊಬ್ಬರಿಗೆ ಕಲಿಸಿ ಕೊಟ್ಟುಬಿಟ್ಟಿದ್ದರು. ಜುಲೈನಲ್ಲಿ ಇಬ್ಬರು ಹೊಸಬರು ಗುಮಾಸ್ತೆಯರಾಗಿ ಸೇರಿದರು. ನಿಯಮಗಳನ್ನು ಕೊಡುವ ಮುಂಚೆ ಸ್ವಾಮಿಯವರ ಮತ್ತು ನನ್ನ ಸೇವಾ ಪುಸ್ತಕಗಳ ಆ ಎರಡು ಪುಟಗಳನ್ನು ಅವರಿಗೆ ಓದಲು ಕೊಟ್ಟೆ. ಅವರಲ್ಲಿ ಚಿಕ್ಕವಳು ಓದಿ ಮುಗಿಸಿ, ನನ್ನ ಮುಖವನ್ನೇ ನೋಡಿ, ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಿದಳು: "ಮೇಡಂ, ನೀವು ಯಾಕೆ ಕೇಳ್ಲಿಲ್ಲ ಅವತ್ತು?"

ನನಗೆ ದಿಗಿಲಾಯಿತು, ಸಂತೋಷವೂ ಆಯಿತು. ಕುರ್ಚಿ ಎಳೆದು ಕೂರಿಸಿ, ಅವಳಿಗೆ ಎಲ್ಲವನ್ನೂ ಹೇಳಿದೆ.

ಪೂಜ್ಯ ಶ್ರೀ ಶಿವರುದ್ರಸ್ವಾಮಿಯವರು ಈಗ ಕಾಮಗೆರೆಯ ತಮ್ಮ ಮನೆಯಲ್ಲಿದ್ದಾರೆ. ಸುತ್ತಲಿನ ಹಾಲಿನ ಸಂಘಗಳವರು ನಕ್ಷೆ ಬರೆಸಿಕೊಳ್ಳಲು ಬರುತ್ತಿದ್ದಾರೆಂದೂ, ಅವರು ಮೊದಲು ಹಸುವಿನ ಕೊಟ್ಟಿಗೆಗೆ ಹೋಗಿ ಬನ್ನಿ ಎಂದು ಕಳಿಸುತ್ತಾರೆಂದೂ ಕೇಳಿದ್ದೇನೆ. ಆ ಕೆಲಸ ಬಹುಕಾಲ ನಡೆಯಲಿ. ಅವರಿಗೆ ಆಯುಸ್ಸು, ಆರೋಗ್ಯ, ಗೆರೆ ನೇರವಾಗಿ ಎಳೆಯುವಷ್ಟು ಕಣ್ಣಿನ ಬೆಳಕು ನೂರು ವರ್ಷ ಇರಲಿ. ಅವರಿಲ್ಲದೆಯೂ ನಾವು ನಡೆಯುವಂತೆ ಅವರೇ ಮಾಡಿಟ್ಟು ಹೋಗಿದ್ದಾರೆ. ಆದ್ದರಿಂದ ಈ ಹಾರೈಕೆಯಲ್ಲಿ ಸಂಘದ ಸ್ವಾರ್ಥ ಏನೂ ಇಲ್ಲ. ಅವರು ಇರಬೇಕು ಎಂಬುದಷ್ಟೇ ನಮ್ಮ ಆಸೆ.

— ಲಕ್ಷ್ಮಿದೇವಮ್ಮ, ಕಚೇರಿ ಮೇಲ್ವಿಚಾರಕಿ